ಹಿಂದಿನ ಎರಡು ಚಕ್ರಗಳು

"ನಾಲ್ಕು ಬೇಡ ಮೇಡಂ. ಎರಡು ಸಾಕು."

ಅವಳಿಗೆ ಸಿಟ್ಟೇ ಬಂತು.

ಬೆಳಿಗ್ಗೆಯಿಂದ ಇದು ಮೂರನೆಯ ಟೈರ್ ಅಂಗಡಿ. ಮೊದಲ ಎರಡರಲ್ಲೂ ನಾಲ್ಕು ತಗೊಳ್ಳಿ, ಜೊತೆಗೆ ಸ್ಟೆಪ್ನಿಗೂ ಒಂದು ಇರಲಿ ಎಂದು ಬೆನ್ನು ಹತ್ತಿದ್ದರು. ಇಲ್ಲಿ ನೋಡಿದರೆ ಇವನೊಬ್ಬ, ಮನೆ ಬಾಗಿಲಿಗೆ ಬಂದ ವ್ಯಾಪಾರವನ್ನು ತಾನೇ ಅರ್ಧ ಮಾಡುತ್ತಿದ್ದಾನೆ! ಮಾರುವವನು ಕಡಿಮೆ ಸಾಕು ಎನ್ನುತ್ತಾನೆಂದರೆ ಅದರ ಹಿಂದೆ ಏನೋ ಇರಲೇಬೇಕು...

ಅನುಮಾನ ಪಡುವುದರಲ್ಲಿ ನಮ್ಮ ಹುಡುಗಿ ಸಾಮಾನ್ಯಳಲ್ಲ. ಒಂದು ಸೂಜಿ ಕೊಳ್ಳಬೇಕಾದರೂ ಮೂರು ಅಂಗಡಿ ಸುತ್ತುವವಳು. ಮನೆ ಮನೆಗೆ ಹೋಗಿ ಮಂಡಿ, ಸೊಂಟ, ಭುಜಗಳಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್ ಅವಳು. ನೋವಿಲ್ಲ ಎಂದು ರೋಗಿ ಹೇಳಿದರೂ ಒತ್ತಿ ನೋಡದೆ ನಂಬುವುದಿಲ್ಲ.

"ಯಾಕೆ ಎರಡೇ?" ಎಂದಳು.

ಅವನು ಹಿಂದಿನ ಚಕ್ರದ ಬಳಿ ಮಂಡಿಯೂರಿ ಕೂತು, ಜೇಬಿನಿಂದ ಒಂದು ನಾಣ್ಯ ತೆಗೆದು ಟೈರಿನ ಗೀರಿನೊಳಗೆ ತುರುಕಿದ. ನಾಣ್ಯ ಕಾಲುಭಾಗ ಒಳಗೆ ಹೋಯಿತು. ಮುಂದಿನ ಚಕ್ರದ ಬಳಿಗೆ ಬಂದು ಅಲ್ಲೂ ತುರುಕಿದ. ನಾಣ್ಯ ಅಂಚಿನಲ್ಲೇ ನಿಂತಿತು.

"ನೀವೇ ನೋಡಿ," ಎಂದು ನಾಣ್ಯ ಚಾಚಿದವನು, ತನ್ನ ಕೈಯ ಕಪ್ಪು ಮಸಿ ಕಂಡು ತಟಕ್ಕನೆ ಕೈ ಹಿಂದಕ್ಕೆಳೆದುಕೊಂಡ. ನಾಣ್ಯವನ್ನು ಬಟ್ಟೆಯಲ್ಲಿ ಎರಡು ಸಲ ಉಜ್ಜಿ, ಆ ಬಟ್ಟೆಯ ಮೇಲೇ ಇಟ್ಟು ಕೊಟ್ಟ.

ಅಷ್ಟೇ. ಅವಳ ಸಿಟ್ಟು ಅರ್ಧ ಇಳಿಯಿತು. ಯಾಕೆ ಎಂದು ಕೇಳಬೇಡಿ, ಅವಳಿಗೇ ಗೊತ್ತಾಗಲಿಲ್ಲ.

ಅವಳೂ ಮಂಡಿಯೂರಿ ತುರುಕಿ ನೋಡಿದಳು. ಅವನು ಹೇಳಿದ್ದು ನಿಜ. ಎಂಜಿನ್ನಿನ ಎಳೆತವೂ ಸ್ಟೀರಿಂಗಿನ ತಿರುಚೂ ಮುಂದಿನ ಚಕ್ರಗಳ ಮೇಲೇ ಬೀಳುವುದರಿಂದ ಅವು ಬೇಗ ಸವೆಯುತ್ತವಂತೆ. ಹಿಂದಿನವು ಮೂರು ವರ್ಷದವು, ಇನ್ನೂ ಒಂದಷ್ಟು ಕಾಲ ಆರಾಮಾಗಿ ಬರುತ್ತವಂತೆ. ಅದನ್ನೆಲ್ಲ ಅವನು ಪಾಠ ಒಪ್ಪಿಸಿದ ಹಾಗೆ ಮೆಲ್ಲಗೆ ಹೇಳಿದ.

"ಹಾಗಾದ್ರೆ ಇರೋದ್ರಲ್ಲಿ ಅಗ್ಗದ್ದು ಎರಡು ಹಾಕಿ," ಎಂದಳು. ಒಂದು ಪುಟ್ಟ ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಕ್ಲಿನಿಕ್ ಮಾಡಬೇಕೆಂದು ಕೂಡಿಡುತ್ತಿದ್ದ ಕಾಲ ಅದು.

ಅವನು ಮೂರು ಬಗೆಯ ಟೈರು ಉರುಳಿಸಿ ತಂದು ಅವಳೆದುರು ನಿಲ್ಲಿಸಿದ. ಎಲ್ಲಕ್ಕಿಂತ ಅಗ್ಗದ್ದರ ಪಕ್ಕೆಯಲ್ಲಿ ಬೆರಳಿಟ್ಟು ನಾಲ್ಕು ಅಂಕಿ ತೋರಿಸಿದ. ಮೊದಲೆರಡು ಎಷ್ಟನೇ ವಾರ, ಕೊನೆಯೆರಡು ಯಾವ ವರ್ಷ. ಟೈರು ಹುಟ್ಟಿದ ತಾರೀಕು ಅದು. ಈ ಅಗ್ಗದ ಟೈರು ಯಾವುದೋ ಗೋದಾಮಿನಲ್ಲಿ ಐದು ವರ್ಷ ಮಲಗಿ ಎದ್ದು ಬಂದದ್ದು. ನೋಡೋಕೆ ಹೊಸದು, ಒಳಗೆ ರಬ್ಬರು ಗಟ್ಟಿಯಾಗಿರುತ್ತೆ ಎಂದ.

"ಅದು?" ಅವಳು ದುಬಾರಿಯದರತ್ತ ಬೆರಳು ಮಾಡಿದಳು.

"ಅದು ಭಾರಿ ಸ್ಪೀಡಲ್ಲಿ ಹೋಗೋ ಕಾರಿಗೆ. ನಿಮ್ಮ ಕಾರು ಆ ಸ್ಪೀಡಿಗೆ ಹೋದ್ರೆ ಟೈರು ಇರುತ್ತೆ, ಬಾಗಿಲು ಇರಲ್ಲ."

ನಗಬಾರದೆಂದುಕೊಂಡಿದ್ದವಳು ನಕ್ಕುಬಿಟ್ಟಳು.

ನಡುವಿನದು ಆರು ವಾರದ ಹಿಂದೆ ತಯಾರಾದದ್ದು. ಬೆಲೆ ಅವಳು ಲೆಕ್ಕ ಹಾಕಿದ್ದಕ್ಕಿಂತ ಒಂಚೂರು ಹೆಚ್ಚು, ಆದರೆ ನಾಲ್ಕರ ಬದಲು ಎರಡಾದ್ದರಿಂದ ಒಟ್ಟಿನಲ್ಲಿ ಕಡಿಮೆಯೇ. ಅವಳು ಎರಡೂ ಟೈರಿನ ನಾಲ್ಕಂಕಿಯನ್ನು ತಾನೇ ಬಗ್ಗಿ ಓದಿದಳು. ಅವನು ತಾಳ್ಮೆಯಿಂದ ಬೆಳಕು ಹಿಡಿದ.

ಆಮೇಲೆ ಕಾರಿನ ಬಾಗಿಲು ತೆರೆದವನು ಹಾಗೇ ನಿಂತುಬಿಟ್ಟ. ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಪೆಡಲ್ ಇತ್ತು.

"ಇದು... ಮೇಷ್ಟ್ರ ಕಾರಲ್ವಾ?"

ಹೌದು. ಅವಳ ಅಪ್ಪ ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಊರಿನಲ್ಲಿ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು. ಕಣ್ಣಿಗೆ ಪೊರೆ ಬಂದ ಮೇಲೆ ಸ್ಕೂಲ್ ಮುಚ್ಚಿ ಕಾರನ್ನು ಮಗಳಿಗೆ ಕೊಟ್ಟಿದ್ದರು. ಆದರೂ ಪಕ್ಕದಲ್ಲಿ ಕೂತಾಗಲೆಲ್ಲ ಅವರ ಕಾಲು ಆ ಎರಡನೇ ಬ್ರೇಕಿನ ಮೇಲೇ ಇರುತ್ತಿತ್ತು.

"ನಾನು ಇದೇ ಕಾರಲ್ಲಿ ಮೂರು ಸಲ ಫೇಲಾದವನು," ಎಂದ ಅವನು. "ಹಿಂದಿನ ಸೀಟಲ್ಲಿ ಹೋಮ್‌ವರ್ಕ್ ಮಾಡ್ತಾ ಒಂದು ಏಳನೇ ಕ್ಲಾಸಿನ ಹುಡುಗಿ ಕೂತಿರೋಳು. ನಾನು ಕ್ಲಚ್ ಬಿಟ್ಟು ಕಾರು ನಿಂತಾಗೆಲ್ಲ 'ಅಪ್ಪಾ, ಮತ್ತೆ ಆಫ್' ಅಂತ ಜೋರಾಗಿ ಹೇಳೋಳು. ಅವಳಿಗೆ ನಾವೆಲ್ಲ ಇನ್‌ಸ್ಪೆಕ್ಟ್ರು ಅಂತಿದ್ವಿ."

ಅವಳ ಕಿವಿ ಕೆಂಪಾಯಿತು.

"ನೀವು... ಕ್ಲಚ್ಚಾ?"

ಅಪ್ಪ ಆ ಹುಡುಗನಿಗೆ ಇಟ್ಟ ಹೆಸರದು. ಹೆಸರು ಕೇಳಿ ಅವನ ಮುಖ ಇಷ್ಟಗಲವಾಯಿತು!

ಅಷ್ಟರಲ್ಲಿ ಅವಳು ವ್ಯಾಯಾಮ ಮಾಡಿಸುತ್ತಿದ್ದ ಒಬ್ಬ ಅಜ್ಜಿಯ ಮನೆಯಿಂದ ಫೋನು ಬಂತು. ಕಾರನ್ನು ಅಲ್ಲೇ ಬಿಟ್ಟು ಅವಳು ನಡೆದು ಹೋದಳು. ಎರಡು ಗಂಟೆ ಬಿಟ್ಟು ಬಂದಾಗ ಕಾರು ಸಿದ್ಧವಾಗಿತ್ತು, ಸವೆದ ಎರಡು ಟೈರು ಗೋಡೆಗೊರಗಿದ್ದವು. ಅವನು ಏನೋ ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡ. "ವಾರಕ್ಕೊಂದು ಸಲ ಗಾಳಿ ನೋಡಿಸ್ಕೊಂಡು ಹೋಗಿ," ಎಂದಷ್ಟೇ ಹೇಳಿದ.

ಈ ಬಾಯಿ ಮುಚ್ಚಿಕೊಂಡ ವಿಷಯ ನೆನಪಿಟ್ಟುಕೊಳ್ಳಿ. ಎಲ್ಲ ರಾದ್ಧಾಂತ ಶುರುವಾದದ್ದು ಅಲ್ಲಿಂದಲೇ.

ಗಾಳಿಯ ವಿಷಯಕ್ಕೆ ಬಂದರೆ, ಆ ಕಾರಿನಷ್ಟು ಶಿಸ್ತಾಗಿ ಗಾಳಿ ನೋಡಿಸಿಕೊಂಡ ಕಾರು ಊರಿನಲ್ಲಿ ಇನ್ನೊಂದಿರಲಿಲ್ಲ. ಪ್ರತಿ ಶನಿವಾರ ಸಂಜೆ ಐದಕ್ಕೆ ಅವಳು ಹಾಜರ್. ಅವನು ನಾಲ್ಕೂ ಚಕ್ರಕ್ಕೆ ಮೀಟರ್ ಹಿಡಿದು, ತುಂಬ ಗಂಭೀರವಾಗಿ, "ಒಂಚೂರು ಕಮ್ಮಿ ಇದೆ," ಎನ್ನುವುದು, ಅವಳು ಅಷ್ಟೇ ಗಂಭೀರವಾಗಿ, "ಹೌದಾ?" ಎನ್ನುವುದು. ಆಮೇಲೆ ಎರಡು ಟೀ ಬರುತ್ತಿತ್ತು.

ಟೀ ಕುಡಿಯುತ್ತ ಅವನು ತನ್ನ ಕಥೆಯನ್ನು ಚೂರು ಚೂರಾಗಿ ಹೇಳಿದ. ಲೈಸೆನ್ಸ್ ಇಲ್ಲದ್ದರಿಂದ ಡ್ರೈವರ್ ಕೆಲಸ ತಪ್ಪಿದ್ದು, ಟೈರ್ ಅಂಗಡಿಯಲ್ಲಿ ಕೈಕೆಲಸಕ್ಕೆ ಸೇರಿದ್ದು, ಹತ್ತು ವರ್ಷಕ್ಕೆ ಅದೇ ಅಂಗಡಿಯನ್ನು ತಾನೇ ವಹಿಸಿಕೊಂಡದ್ದು. ನಾಲ್ಕನೇ ಟೆಸ್ಟನ್ನು ಬೇರೆ ಊರಿನಲ್ಲಿ ಪಾಸು ಮಾಡಿದನಂತೆ. ಅವನ ಬೆರಳಿನ ಗಂಟುಗಳು ಊದಿರುವುದನ್ನು ಅವಳು ಕಂಡಳು. ಸಂಜೆ ಹೊತ್ತು ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಹೇಗೆ ಮುಷ್ಟಿ ಮಾಡಿ ಬಿಡಬೇಕೆಂದು ತೋರಿಸಿಕೊಟ್ಟಳು. ಮುಂದಿನ ಶನಿವಾರ ಕೇಳಿದಾಗ ಅವನು ದಿನಾ ಮಾಡಿದ್ದೇನೆ ಎಂದ. ಒತ್ತಿ ನೋಡದೆಯೇ ಅವಳು ನಂಬಿದಳು!

ಆ ರಾತ್ರಿ ಊಟಕ್ಕೆ ಕೂತಾಗ ಅವಳಿಗೆ ಇದು ಹೊಳೆದು ಆಶ್ಚರ್ಯವಾಯಿತು. ಮೂರು ಅಂಗಡಿ ಸುತ್ತದೆ, ಪರೀಕ್ಷೆ ಮಾಡದೆ, ಒಬ್ಬರ ಮಾತನ್ನು ನಾನು ನಂಬಿದ್ದು ಇದೇ ಮೊದಲಲ್ವಾ... ಹಾಗೆ ನಂಬುವುದು ಎಷ್ಟು ಹಾಯಾಗಿರುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ಕಾರಿಗೆ ಗಾಳಿ ಹೊಡೆಸಿದ್ರೆ ನಿನ್ನ ಮುಖ ಯಾಕೆ ಉಬ್ಬುತ್ತೇ?" ಎಂದರು ಅಮ್ಮ ತಟ್ಟೆಗೆ ಬಡಿಸುತ್ತ.

ಎಂಟನೇ ಶನಿವಾರ ಅವನು ಮೀಟರನ್ನು ಕೈಯಲ್ಲಿ ತಿರುಗಿಸುತ್ತ, ನೆಲ ನೋಡುತ್ತ ಕೇಳಿದ. "ಮುಂದಿನ ಭಾನುವಾರ ಸಂಜೆ ಮೇಷ್ಟ್ರನ್ನ ನೋಡೋಕೆ ಮನೆಗೆ ಬರ್ಲಾ? ಒಂದು ಮಾತು ಕೇಳೋದಿದೆ ಅವರ ಹತ್ರ."

ಯಾವ ಮಾತೆಂದು ಅವಳು ಕೇಳಲಿಲ್ಲ. "ಬನ್ನಿ," ಎಂದಳು.

ಆ ವಾರವಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ.

ಅದೇ ವಾರ ಅಪ್ಪನ ಕಣ್ಣಿನ ಆಪರೇಷನ್ ಪಟ್ಟಿ, ಕಪ್ಪು ಕನ್ನಡಕ ಎಲ್ಲ ಮುಗಿದು, ಶನಿವಾರ ಮಧ್ಯಾಹ್ನ ಡಾಕ್ಟರು ಇನ್ನು ಬರಿಗಣ್ಣಲ್ಲಿ ನೋಡಬಹುದು ಎಂದರು. ಎರಡು ವರ್ಷ ಮಂಜಿನಲ್ಲಿದ್ದ ಮನುಷ್ಯ! ಮನೆಗೆ ಬಂದವರೇ ಗೋಡೆಯ ಕಲೆ ನೋಡಿದರು, ಫ್ಯಾನಿನ ಧೂಳು ನೋಡಿದರು, ಹೆಂಡತಿಯ ತಲೆ ನೋಡಿ, "ಇದ್ಯಾವಾಗ ಇಷ್ಟು ಬೆಳ್ಳಗಾಯ್ತು?" ಎಂದು ಕೇಳಿ ಬೈಸಿಕೊಂಡರು. ಕೊನೆಗೆ ಕಾರಿನ ಬಳಿ ಬಂದರು.

"ಅಪ್ಪಾ, ಇಲ್ಲಿ ಬಾ, ನಿನಗೊಂದು ತೋರಿಸ್ತೀನಿ," ಎಂದಳು ಅವಳು, ಕಲಿತ ವಿದ್ಯೆ ತೋರಿಸುವ ಉತ್ಸಾಹದಲ್ಲಿ. ಮುಂದಿನ ಚಕ್ರದ ಪಕ್ಕ ಕೂತು ಟಾರ್ಚ್ ಹಾಕಿದಳು. "ಟೈರಿನ ಹುಟ್ಟಿದ ತಾರೀಕು. ಮೊದಲೆರಡು ವಾರ, ಆಮೇಲಿಂದು..."

ಓದುತ್ತ ಓದುತ್ತ ಅವಳ ದನಿ ನಿಂತೇ ಹೋಯಿತು.

ಮೂರು ವರ್ಷದ ಹಿಂದಿನ ಅಂಕಿ.

ಆ ಕಡೆಯ ಮುಂದಿನ ಚಕ್ರವನ್ನೂ ಓದಿದಳು. ಅದೂ ಮೂರು ವರ್ಷದ್ದೇ.

ಇಲ್ಲ... ಹಾಗಾಗೋಕೆ ಸಾಧ್ಯವೇ ಇಲ್ಲ. ನಾನೇ ಓದಿದ್ದೆ. ಅವನೇ ಬೆಳಕು ಹಿಡಿದಿದ್ದ!

"ತೋರಿಸಿದ್ದೊಂದು, ಹಾಕಿದ್ದೊಂದು," ಎಂದರು ಅಪ್ಪ ಸಾವಕಾಶವಾಗಿ. "ನೀನು ಆ ಕಡೆ ಹೋದಾಗ ಹಳೇದನ್ನ ಒರೆಸಿ ಹಾಕಿದ್ದಾನೆ. ಕ್ಲಚ್ಚಿಗೆ ಆಗ ಕಾಲು ಬರ್ತಿರಲಿಲ್ಲ, ಈಗ ಕೈ ಚೆನ್ನಾಗಿ ಬರುತ್ತೆ ಅಂತಾಯ್ತು."

ಹೊಸ ಟೈರು ಯಾವಾಗಲೂ ಮುಂದಕ್ಕೇ. ಸ್ಟೀರಿಂಗ್ ಇರುವ ಕಡೆ ಹಿಡಿತ ಬೇಕು. ಇದು ಮೇಷ್ಟ್ರ ಮೂವತ್ತು ವರ್ಷದ ಪಾಠ, ಮಗಳಿಗೂ ಬಾಯಿಪಾಠ. ಹೀಗಾಗಿ ಹಿಂದಿನ ಎರಡು ಚಕ್ರವನ್ನು ನೋಡಬೇಕೆಂದು ಇಬ್ಬರಿಗೂ ಅನ್ನಿಸಲೇ ಇಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಅವಳು ಹೇಗೆ ಅಂಗಡಿ ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ಗಂಟೆ ಐದಾಗಿತ್ತು. ಎಂದಿನಂತೆ ಅವನು ಮೀಟರ್ ಹಿಡಿದು ನಗುತ್ತ ಎದುರು ಬಂದ. ಬೆಂಚಿನ ಮೇಲೆ ಐದಾರು ಗಿರಾಕಿಗಳಿದ್ದರು, ಬಹುಪಾಲು ಮೇಷ್ಟ್ರ ಶಿಷ್ಯರೇ.

"ಮೋಸ ಮಾಡೋಕೆ ನಾನೇ ಸಿಕ್ಕಿದ್ನಾ ನಿಮಗೆ?"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ಬಾಯಿಗೆ ಬಂದದ್ದನ್ನೆಲ್ಲ ಅವಳು ಅಂದಳು. ಹೊಸದು ತೋರಿಸಿ ಹಳೆಯದು ಹಾಕಿದ್ದೀರಿ ಎಂದಳು, ವಾರ ವಾರ ಟೀ ಕುಡಿಸಿ ಕಣ್ಣಿಗೆ ಮಣ್ಣೆರಚಿದಿರಿ ಎಂದಳು. ಮುಂದಿನ ಚಕ್ರದ ಅಂಕಿಯನ್ನು ಅವನಿಗೇ ಓದಿ ಹೇಳಿದಳು. ಸಿಟ್ಟಿಗಿಂತ ದುಃಖವೇ ಹೆಚ್ಚಾಗಿತ್ತು. ಮೊದಲ ಸಲ ನಂಬಿದ್ದೆ... ಮೊದಲ ಸಲ!

ಅವನ ಮುಖದ ರಕ್ತ ಇಳಿದುಹೋಯಿತು. ಒಮ್ಮೆ ಅವಳನ್ನು ನೋಡಿದ, ಒಮ್ಮೆ ಬೆಂಚಿನ ಮೇಲಿದ್ದವರನ್ನು ನೋಡಿದ. ಹೇಳಬೇಕಾದ ಮಾತು ನಾಲಿಗೆ ತುದಿಯವರೆಗೆ ಬಂದು ನಿಂತಿತ್ತು. ಮತ್ತೆ ನುಂಗಿಕೊಂಡ.

"ಕಾರಿಗೆ ನಾಲ್ಕು ಚಕ್ರ ಇರುತ್ತೆ," ಎಂದ ಬಹಳ ಮೆಲ್ಲಗೆ. "ಮನೆಗೆ ಹೋಗಿ ಇನ್ನೆರಡನ್ನೂ ಓದಿ."

ಮೀಟರನ್ನು ಮೊಳೆಗೆ ತಗಲಿಸಿ ಒಳಗೆ ಹೋದ.

ಮನೆಗೆ ಬಂದು ಹಿಂದಿನ ಚಕ್ರದ ಬಳಿ ಕೂತಾಗ ಇನ್ನೂ ಬೆಳಕಿತ್ತು. ಅಂದು ತಾನೇ ಓದಿದ್ದ ನಾಲ್ಕಂಕಿ ಅಲ್ಲಿ ಎದ್ದು ಕಾಣುತ್ತಿತ್ತು. ಎರಡರಲ್ಲೂ.

ಅವನು ಹಳೆಯ ಹಿಂದಿನ ಟೈರುಗಳನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದಕ್ಕೆ ಹಾಕಿದ್ದ. ಅಷ್ಟೇ ನಡೆದದ್ದು.

ಹಿಂದಿನ ಸೀಟಿನ ಇನ್‌ಸ್ಪೆಕ್ಟರಿಗೆ ಹಿಂದಿನ ಚಕ್ರ ಕಾಣಲಿಲ್ಲ! ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ," ಎಂದರು ಅಮ್ಮ. "ಅಪ್ಪ ಮಗಳು ಇಬ್ರೂ ಸೇರಿ ಒಬ್ಬ ಹುಡುಗನ ಮಾನ ತೆಗೆದ್ರಿ."

ಆದರೆ ಅಪ್ಪ ಅಷ್ಟಕ್ಕೆಲ್ಲ ಸೋಲುವವರೇ? ಕಳ್ಳನಲ್ಲ, ಸರಿ, ಹಾಗಾದರೆ ಮೂರ್ಖ ಎಂದರು. ಹೊಸ ಟೈರನ್ನು ಹಿಂದಕ್ಕೆ ಹಾಕುವವನು ಯಾವ ಸೀಮೆ ಮೆಕ್ಯಾನಿಕ್ಕು? ಭಾನುವಾರ ಬೆಳಗಾಗುತ್ತಲೇ ಬೀದಿ ಕೊನೆಯ ಪಂಕ್ಚರ್ ಅಂಗಡಿಯವನನ್ನು ಕರೆಸಿ, ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಮಾಡಿಸಿದರು. ಅವಳು ತಡೆಯಲಿಲ್ಲ.

ಮಧ್ಯಾಹ್ನದಿಂದಲೇ ಅವಳು ಕಿಟಕಿ ಬಿಟ್ಟು ಕದಲಲಿಲ್ಲ. ಅವನಿಗೆ ಮೂರು ಸಲ ಫೋನು ಮಾಡಿದಳು, ಎತ್ತಲಿಲ್ಲ. ಇವತ್ತು ಸಂಜೆ ಬರ್ತೀನಿ ಅಂದಿದ್ದ... ಅಷ್ಟೆಲ್ಲ ಅನ್ನಿಸಿಕೊಂಡ ಮೇಲೆ ಯಾರು ತಾನೇ ಬರ್ತಾರೆ? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಾರದಿದ್ದರೆ ತಾನು ಕಳೆದುಕೊಳ್ಳುವುದು ಏನೆಂದು ಅವಳಿಗೆ ಆಗ ಸ್ಪಷ್ಟವಾಗಿ ಗೊತ್ತಾಯಿತು. ಇನ್ನೊಬ್ಬರನ್ನು ಹಾಗೆ ನಂಬಲು ತನ್ನಿಂದ ಆಗುವುದಿಲ್ಲ.

ನಾಲ್ಕಕ್ಕೆ ಮಳೆ ಶುರುವಾಯಿತು. ಐದಾದರೂ ಗೇಟಿನ ಸದ್ದಿಲ್ಲ. ಮಗಳ ಮುಖ ನೋಡಲಾರದೆಯೋ ಏನೋ, ಅಪ್ಪ ಕಾರಿನ ಕೀ ಎತ್ತಿಕೊಂಡರು.

"ಬಾ. ಹೊಸದು ಮುಂದಿದ್ರೆ ಕಾರು ಹೇಗೆ ಹೋಗುತ್ತೆ ಅಂತ ತೋರಿಸ್ತೀನಿ. ಆಗಲಾದ್ರೂ ನಿನಗೆ ಸಮಾಧಾನ ಆಗುತ್ತೆ."

ಲೈಸೆನ್ಸ್ ಟೆಸ್ಟು ನಡೆಯುವ ಸಿಮೆಂಟಿನ ಮೈದಾನ ಹತ್ತು ನಿಮಿಷದ ದಾರಿ. ಭಾನುವಾರವಾದ್ದರಿಂದ ಒಂದು ನರಪಿಳ್ಳೆಯೂ ಇರಲಿಲ್ಲ. ನೆಲ ನೆಂದು ಹೊಳೆಯುತ್ತಿತ್ತು. ಅವಳು ಸ್ಟೀರಿಂಗಿನಲ್ಲಿ, ಅಪ್ಪ ಪಕ್ಕದಲ್ಲಿ, ಕಾಲು ತಮ್ಮ ಬ್ರೇಕಿನ ಮೇಲೆ.

"ಇನ್ನೂ ಸ್ವಲ್ಪ ಸ್ಪೀಡು. ಹ್ಞಾಂ. ಈಗ ಎಡಕ್ಕೆ ತಿರುಗಿಸು."

ಅವಳು ತಿರುಗಿಸಿದಳು. ಕಾರಿನ ಮೂತಿ ಚೆನ್ನಾಗಿಯೇ ತಿರುಗಿತು. ಹಿಂಭಾಗ ಮಾತ್ರ ತಿರುಗುವುದನ್ನು ನಿಲ್ಲಿಸಲಿಲ್ಲ. ಕೂತ ಮಣೆಯನ್ನು ಯಾರೋ ಪಕ್ಕಕ್ಕೆಳೆದ ಹಾಗಾಯಿತು. ಅಪ್ಪ ಗಾಬರಿಯಲ್ಲಿ ಬ್ರೇಕ್ ಒತ್ತಿದರು, ಅದಕ್ಕೆ ಹಿಂಭಾಗ ಇನ್ನೂ ಜೋರಾಗಿ ಹೊರಟಿತು. ಮೈದಾನ, ಗೋಡೆ, ಗೇಟು ಎಲ್ಲ ಗರ್ರನೆ ಸುತ್ತಿ, ಬಂದ ದಾರಿಗೆ ಮುಖ ಮಾಡಿ ಕಾರು ನಿಂತಿತು.

ಇಬ್ಬರಿಗೂ ಏನೂ ಆಗಿರಲಿಲ್ಲ. ವೈಪರು ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು.

ಅವಳಿಗೆ ಆ ಮಣೆ ಎಳೆದ ಅನುಭವ ಎಲ್ಲೋ ಗೊತ್ತಿದ್ದದ್ದೆನಿಸಿತು. ಹಿಂದಿನ ಸೀಟು... ಮಡಿಲಲ್ಲಿ ನೋಟ್‌ಬುಕ್ಕು... ಹೊರಗೆ ಇದೇ ಥರದ ಮಳೆ...

"ಅಪ್ಪಾ, ಕ್ಲಚ್ಚಿನ ಮೂರನೇ ಟೆಸ್ಟಿನ ದಿನ ಬೆಳಿಗ್ಗೆ ಪ್ರಾಕ್ಟೀಸಿಗೆ ಬಂದಾಗ ಕಾರು ಹೀಗೇ ತಿರುಗಿತ್ತು. ನನ್ನ ಪೆನ್ನು ಮುರಿದುಹೋಗಿತ್ತು."

ಅಪ್ಪನ ಹೊಸ ಕಣ್ಣುಗಳಲ್ಲಿ ನೀರು ತುಂಬಿಕೊಂಡಿತು.

"ಟೆಸ್ಟಲ್ಲೂ ಹೀಗೇ ತಿರುಗಿತ್ತು ಕಣೇ," ಎಂದರು. "ಹಿಂದಿನ ದಿನ ತಾನೇ ನಾನು ಮುಂದಕ್ಕೆ ಹೊಸ ಟೈರು ಹಾಕಿಸಿದ್ದೆ. ಅವನ ಕಾಲಿಗೆ ಬೈದೆ. ನಿನ್ನ ಕೈಲಿ ಈ ಜನ್ಮದಲ್ಲಿ ಆಗಲ್ಲ ಹೋಗೋ ಅಂತ ಎಲ್ಲರ ಮುಂದೆ ಅಂದುಬಿಟ್ಟೆ."

ಮುಂದಿನ ಚಕ್ರ ಜಾರಿದರೆ ಸ್ಟೀರಿಂಗಿಗೆ ತಿಳಿಯುತ್ತದೆ, ಕಾಲು ಸಡಿಲಿಸಿದರೆ ಕಾರು ಮಾತು ಕೇಳುತ್ತದೆ. ಹಿಂದಿನದು ಜಾರಿದರೆ ಹಿಡಿಯುವುದು ಪಳಗಿದವರಿಗೂ ಕಷ್ಟ. ಹೊಸದು ಹಿಂದೆ ಇರಬೇಕಾದದ್ದು ಅದಕ್ಕೇ. ಇದನ್ನು ಅವನು ಟೈರಿನ ಕೆಲಸದಲ್ಲೇ ಕಲಿತುಕೊಂಡಿರಬೇಕು. ತನ್ನ ತಪ್ಪಿಲ್ಲದೆ ತಾನು ಫೇಲಾದೆನೆಂದು ಅವನಿಗೆ ಎಷ್ಟೋ ವರ್ಷದಿಂದ ಗೊತ್ತಿದೆ. ಯಾರಿಗೂ ಹೇಳಿಲ್ಲ. ಅವಳಿಗೂ!

ಸೋಮವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಕಾರನ್ನು ತೀರ ನಿಧಾನವಾಗಿ ಓಡಿಸಿಕೊಂಡು ಅವಳು ಅಂಗಡಿಯ ಮುಂದೆ ನಿಲ್ಲಿಸಿದಳು. ಬೆಂಚಿನ ಮೇಲೆ ಶನಿವಾರದವರೇ ಇಬ್ಬರು, ಹೊಸಬರು ಮೂವರು. ಮೇಷ್ಟ್ರನ್ನು ಕಂಡು ಎಲ್ಲರೂ ಎದ್ದರು. ಕೆಲವರು ತಮಾಷೆ ನೋಡಲು ತಯಾರಾದರು.

ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಎರಡು ರಾತ್ರಿ ನಿದ್ದೆ ಮಾಡಿರದ ಕಣ್ಣು. ಮೇಷ್ಟ್ರ ಎದುರು ಕೈಕಟ್ಟಿ ನಿಂತ, ಹತ್ತೊಂಬತ್ತರ ಹುಡುಗನ ಹಾಗೆ.

"ಮೂರನೇ ಟೆಸ್ಟಲ್ಲಿ ಫೇಲಾಗಿದ್ದು ನೀನಲ್ಲ ಕಣೋ," ಎಂದರು ಅಪ್ಪ. "ನಾನು."

ಬೆಂಚಿನ ಮೇಲಿದ್ದವರಿಗೂ ಕೇಳುವ ಹಾಗೆ ಎಲ್ಲವನ್ನೂ ಹೇಳಿದರು. ಮೈದಾನದಲ್ಲಿ ಕಾರು ತಿರುಗಿದ್ದನ್ನು ಹೇಳಿ, ನಾನು ಮೂವತ್ತು ವರ್ಷ ಹೇಳಿಕೊಟ್ಟದ್ದು ತಪ್ಪು, ಹೊಸ ಟೈರು ಹಿಂದಕ್ಕೇ ಹಾಕಿಸಿಕೊಳ್ಳಿ, ಸಂದೇಹ ಇದ್ದವರು ಮನೆಗೆ ಬಂದು ನನ್ನನ್ನು ಕೇಳಿ ಎಂದರು. ಮೇಷ್ಟ್ರು ಹಾಗೆಲ್ಲ ತಪ್ಪೊಪ್ಪಿಕೊಂಡದ್ದನ್ನು ಆ ಶಿಷ್ಯರು ಕಂಡದ್ದು ಅದೇ ಮೊದಲು.

"ಬಿಡಿ ಮೇಷ್ಟ್ರೇ, ಹಳೇ ಮಾತು..." ಎಂದ ಅವನು. ಮುಖ ಆ ಕಡೆ ತಿರುಗಿಸಿಕೊಂಡ. ಅಪ್ಪ ಅವನ ಮಸಿಯಂಗಿಯ ಹೆಗಲ ಮೇಲೆ ಕೈಯಿಟ್ಟರು.

ಈಗ ಅವಳ ಸರದಿ. ಶನಿವಾರ ಎಲ್ಲಿ ನಿಂತು ಬೈದಿದ್ದಳೋ ಅಲ್ಲೇ ನಿಂತಳು.

"ಇವರು ನನಗೆ ಮೋಸ ಮಾಡಿಲ್ಲ," ಎಂದಳು ಬೆಂಚಿನ ಕಡೆ ತಿರುಗಿ. "ನಾನು ಎರಡೇ ಚಕ್ರ ನೋಡಿ ಮಾತಾಡಿದೆ. ತಪ್ಪು ನನ್ನದು." ಆಮೇಲೆ ಅವನತ್ತ ತಿರುಗಿದಳು. "ಕ್ಷಮಿಸ್ತೀರೋ ಇಲ್ವೋ ನಿಮಗೆ ಬಿಟ್ಟಿದ್ದು. ಆದ್ರೆ ಒಂದು ಮಾತು ಹೇಳಬಹುದಿತ್ತಲ್ಲ... ಹೊಸದು ಹಿಂದೆ ಹಾಕಿದ್ದೀನಿ ಅಂತ?"

"ಹೇಳಬೇಕಿತ್ತು," ಎಂದ ಅವನು. "ಮೇಷ್ಟ್ರು ಹೇಳಿದ್ದು ತಪ್ಪು ಅಂತ ಅವರ ಮಗಳ ಮುಂದೆ ಹೇಗೆ ಹೇಳಲಿ ಅನ್ನಿಸ್ತು. ಶನಿವಾರ ಅವರ ಶಿಷ್ಯರೆಲ್ಲ ಕೂತಿದ್ರು. ಬಾಯಿ ಬರಲಿಲ್ಲ. ನನ್ನದೂ ತಪ್ಪೇ."

ಗುರುಭಕ್ತಿ ಒಳ್ಳೆಯದೇ. ಆದರೆ ಅದಕ್ಕಾಗಿ ಪ್ರೀತಿಸಿದವಳ ಕೈಯಲ್ಲಿ ಕಳ್ಳ ಎನ್ನಿಸಿಕೊಳ್ಳುವ ಮಹಾನುಭಾವ ನೂರಕ್ಕೊಬ್ಬ!

ಮಾತು ಹೊಳೆಯದಿದ್ದಾಗ ಕೆಲಸ ಮಾಡುವವರು ಕೆಲಸಕ್ಕೆ ಕೈ ಹಾಕುತ್ತಾರೆ. ಅವನು ಜಾಕ್ ತಂದು ಕಾರು ಎತ್ತಿ, ಪಂಕ್ಚರ್ ಅಂಗಡಿಯವನು ಮಾಡಿದ್ದನ್ನೆಲ್ಲ ಬಿಚ್ಚಿ, ಹೊಸ ಎರಡನ್ನು ಮತ್ತೆ ಹಿಂದಕ್ಕೆ ಹಾಕಿದ. ನಟ್ಟುಗಳನ್ನು ಒಂದೊಂದಾಗಿ ಬಿಗಿ ಮಾಡಿದ. ಅವಳು ಪಕ್ಕದಲ್ಲೇ ಕೂತು ನಟ್ಟುಗಳನ್ನು ಎತ್ತಿ ಎತ್ತಿ ಕೊಟ್ಟಳು. ಈ ಸಲ ಅವನು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಅವಳ ಬೆರಳಿಗೂ ಮಸಿ ಹತ್ತಿತು.

"ಒಂದು ಸುತ್ತು ಓಡಿಸಿ ನೋಡಬೇಕು," ಎಂದ ಎದ್ದು ನಿಂತು.

ಅವಳು ಸ್ಟೀರಿಂಗಿಗೆ ಕೂತಳು. ಅಪ್ಪ ಅಭ್ಯಾಸದಂತೆ ಪಕ್ಕದ ಬಾಗಿಲಿಗೆ ಕೈ ಹಾಕಿದರು. ಹಾಕಿದವರು ಸೀಟಿನ ಕೆಳಗಿನ ಆ ಎರಡನೇ ಬ್ರೇಕನ್ನೊಮ್ಮೆ ನೋಡಿದರು, ಮಗಳ ಮುಖವನ್ನೊಮ್ಮೆ ನೋಡಿದರು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದು ನಿಂತರು.

"ನಾನಿಲ್ಲೇ ಟೀ ಕುಡೀತಾ ಕೂತಿರ್ತೀನಿ. ನೀನು ಹತ್ತೋ."

ಅವನು ಹಿಂದೆ ಮುಂದೆ ನೋಡಿದ.

"ಹತ್ತೋ ಮಾರಾಯ. ಈ ಸಲ ಫೇಲ್ ಮಾಡಲ್ಲ."

ಬೆಂಚಿನ ಮೇಲಿದ್ದವರು ಗೊಳ್ಳೆಂದು ನಕ್ಕರು.

ಕಾರು ಎರಡು ಬೀದಿ ದಾಟಿತು. ನಿನ್ನೆಯ ಮಳೆಯ ನೀರು ರಸ್ತೆ ಬದಿಯಲ್ಲಿ ಇನ್ನೂ ನಿಂತಿತ್ತು. ತಿರುವಿನಲ್ಲಿ ಕಾರು ಹೇಳಿದ ಮಾತು ಕೇಳಿಕೊಂಡು ಮೆತ್ತಗೆ ತಿರುಗಿತು. ಅವಳು ಓರೆಗಣ್ಣಿನಲ್ಲಿ ನೋಡಿದರೆ, ಅವನು ಎರಡೂ ಕಾಲನ್ನು ಸೀಟಿನ ಅಡಿಗೆ ಮಡಚಿಟ್ಟುಕೊಂಡು ಮುದುರಿ ಕೂತಿದ್ದಾನೆ.

"ಕಾಲು ಯಾಕೆ ಹಾಗಿಟ್ಕೊಂಡಿದ್ದೀರಿ?"

"ಅದು ಮೇಷ್ಟ್ರ ಬ್ರೇಕು. ಗೊತ್ತಿಲ್ಲದೆ ಕಾಲು ತಾಗಿಬಿಟ್ರೆ?" ಎಂದ. ಸ್ವಲ್ಪ ತಡೆದು, "ನೀವು ಚೆನ್ನಾಗೇ ಓಡಿಸ್ತೀರಿ. ಅದು ಬೇಕಾಗಲ್ಲ," ಎಂದ.

ಅವಳು ಕಾರನ್ನು ಬದಿಗೆ ನಿಲ್ಲಿಸಿದಳು. ಇಲ್ಲದಿದ್ದರೆ ಕಣ್ಣೀರಿನಲ್ಲಿ ರಸ್ತೆ ಕಾಣುವಂತಿರಲಿಲ್ಲ.

"ನಿನ್ನೆ ಬರ್ತೀರೇನೋ ಅಂತ ಮಧ್ಯಾಹ್ನದಿಂದ ಕಿಟಕಿ ಹತ್ರ ನಿಂತಿದ್ದೆ," ಎಂದಳು. "ಫೋನೂ ಎತ್ತಲಿಲ್ಲ."

"ಫೋನಲ್ಲಿ ಮಾತಾಡಿದ್ರೆ ಗಂಟಲು ಕಟ್ಟುತ್ತೆ ಅಂತ ಎತ್ತಲಿಲ್ಲ. ಬಂದಿದ್ದೆ."

ಅವಳು ಸರಕ್ಕನೆ ತಿರುಗಿದಳು.

"ಐದೂವರೆಗೆ. ನಿಮ್ಮ ಬೀದಿ ತಿರುವಿನ ತನಕ ಬಂದೆ. ಮನೆ ಮುಂದೆ ಕಾರಿರಲಿಲ್ಲ. ನಾನು ಬರ್ತೀನಿ ಅಂತಲೇ ಎಲ್ಲೋ ಹೊರಟುಹೋಗಿದ್ದೀರಿ ಅಂದ್ಕೊಂಡೆ. ಅರ್ಧ ಗಂಟೆ ಮಳೇಲಿ ನಿಂತಿದ್ದು ವಾಪಸ್ ಹೋದೆ."

ಅಷ್ಟೆಲ್ಲ ಅನ್ನಿಸಿಕೊಂಡ ಮೇಲೂ ಬಂದಿದ್ದ! ತಾವು ಮೈದಾನದಲ್ಲಿ ಗಿರಗಿರ ಸುತ್ತುತ್ತಿದ್ದಾಗ ಅವನು ಮನೆ ತಿರುವಿನಲ್ಲಿ ನೆನೆಯುತ್ತಿದ್ದ... ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಮಸಿ ಹತ್ತಿದ ಕೈಯಲ್ಲೇ ಕೆನ್ನೆ ಒರೆಸಿಕೊಂಡಳು. ಕೆನ್ನೆಯೂ ಕಪ್ಪಾಯಿತು. ಅವನು ಜೇಬಿನಿಂದ ಬಟ್ಟೆ ತೆಗೆದು, ಅದರಲ್ಲಿ ಶುಭ್ರವಾಗಿದ್ದ ಒಂದೇ ಮೂಲೆ ಹುಡುಕಿ, ಒರೆಸಿದ.

"ಅಪ್ಪನ ಹತ್ರ ಏನೋ ಕೇಳಬೇಕು ಅಂದಿದ್ರಿ," ಎಂದಳು.

"ಮೊದಲು ನಿಮ್ಮನ್ನೇ ಕೇಳಬೇಕಿತ್ತು, ಅದೂ ತಪ್ಪೇ." ಅವನ ದನಿ ಇಳಿಯಿತು. "ನನಗೆ ನೀವಂದ್ರೆ ತುಂಬ ಇಷ್ಟ. ಮದುವೆ ಆಗ್ತೀರಾ?"

"ಹ್ಞೂಂ," ಎಂದಳು. ಮೂರು ಅಂಗಡಿ ಸುತ್ತಲಿಲ್ಲ, ಒತ್ತಿ ನೋಡಲಿಲ್ಲ.

ಅವನು ಉಸಿರು ಬಿಟ್ಟ. ಮಡಚಿಟ್ಟಿದ್ದ ಕಾಲುಗಳು ಆಗ ಸ್ವಲ್ಪ ಸಡಿಲವಾದವು.

"ಹಾಗಾದ್ರೆ ಬರೋ ಭಾನುವಾರ ಬರ್ತೀನಿ. ಕಾರು ಮನೆ ಮುಂದೇ ಇರಲಿ."

"ಇರುತ್ತೆ. ಅದಕ್ಕೆ ಮುಂಚೆ ಶನಿವಾರ ನಾನು ಗಾಳಿ ನೋಡಿಸೋಕೆ ಬರ್ತೀನಲ್ಲ."

ಅವನು ನೆಲ ನೋಡಿದ. "ಒಂದು ನಿಜ ಹೇಳ್ಲಾ? ಮೊದಲ ವಾರದಿಂದ ಗಾಳಿ ಸರಿಯಾಗೇ ಇತ್ತು."

ಅವಳು ಗೇರ್ ಹಾಕಿದಳು.

"ಗೊತ್ತಿತ್ತು," ಎಂದಳು. "ಪ್ರತಿ ಶನಿವಾರ ಮನೆಯಿಂದ ಹೊರಡೋಕೆ ಮುಂಚೆ ಅಪ್ಪನ ಮೀಟರಲ್ಲಿ ನಾನೇ ನೋಡ್ತಿದ್ದೆ."